ಹಾಲಿ ಏನ್ರಿ, ಕಲ್ದಾರ ಏನ್ರಿ?

ರಾಯಚೂರಿನಲ್ಲಿ ನಮ್ಮ ಮುತ್ಯಾನದು ಹತ್ತಿ ಅಡತಿ ಅಂಗಡಿ. ದರ ಹೇಳುವ ಮೊದಲು ಗಿರಾಕಿಯನ್ನು ಒಂದು ಮಾತು ಕೇಳಲೇಬೇಕಿತ್ತಂತೆ: "ಹಾಲಿ ಏನ್ರಿ, ಕಲ್ದಾರ ಏನ್ರಿ?" ಹಾಲಿ ಅಂದರೆ ನಿಜಾಮನ ಉಸ್ಮಾನಿಯಾ ಸಿಕ್ಕಾ, ಕಲ್ದಾರ ಅಂದರೆ ಬ್ರಿಟಿಷರ ರೂಪಾಯಿ. ಆರು ಕಲ್ದಾರಕ್ಕೆ ಹೆಚ್ಚುಕಡಿಮೆ ಏಳು ಹಾಲಿ. ತುಂಗಭದ್ರೆ ದಾಟಿದರೆ ಮದ್ರಾಸ್ ಸೀಮೆ. ಅಲ್ಲಿ ಕಲ್ದಾರದ್ದೇ ಕಾರಭಾರ.

ಮುತ್ಯಾ ಹೋಗಿ ಎಷ್ಟೋ ವರ್ಷದ ಮೇಲೆ ಅಟ್ಟದ ಟ್ರಂಕಿನ ಕಿರ್ದಿ ಪುಸ್ತಕದೊಳಗೆ ಎರಡು ಹಾಲಿ ನೋಟು ಸಿಕ್ಕವು, ಹತ್ತು ರೂಪಾಯಿಯದೊಂದು, ಒಂದು ರೂಪಾಯಿಯದೊಂದು. ನನಗೆ ಹಳೆಯ ನೋಟಿನ ಹುಚ್ಚು ಹಿಡಿದದ್ದು ಅಂದಿನಿಂದ.

ಮೊದಲ ಮಹಾಯುದ್ಧದಲ್ಲಿ ನಾಣ್ಯದ ಬೆಳ್ಳಿಗೆ ಬರ ಬಂತು. 1917ರಲ್ಲಿ ಬ್ರಿಟಿಷ್ ಸರ್ಕಾರ ಒಂದು ರೂಪಾಯಿಯನ್ನೂ ಕಾಗದದಲ್ಲಿ ಅಚ್ಚು ಹಾಕಿಸಿತು. ಮರುವರ್ಷ ಹೈದರಾಬಾದ್ ಸಂಸ್ಥಾನವೂ ಕಾಯ್ದೆ ಮಾಡಿ ತನ್ನದೇ ನೋಟು ಹೊರಡಿಸಿತು. ಅಚ್ಚಾದದ್ದು ಇಂಗ್ಲೆಂಡಿನ ವಾಟರ್‌ಲೋ ಕಂಪನಿಯಲ್ಲಿ. ಉರ್ದು, ಇಂಗ್ಲಿಷ್, ಮರಾಠಿ, ತೆಲುಗಿನ ಜೊತೆ ಕನ್ನಡದಲ್ಲೂ ಮೊತ್ತ ಬರೆದಿತ್ತು. ಶಾಲೆ, ಕಚೇರಿಯಲ್ಲೆಲ್ಲ ಉರ್ದು ನಡೆಸಿದ ದೊರೆತನ ನೋಟಿನ ಮೇಲೆ ಕನ್ನಡಕ್ಕೆ ಜಾಗ ಬಿಟ್ಟಿತ್ತು. ರೊಕ್ಕ ನಡೆಯಬೇಕಲ್ಲ!

ನೋಟಿನ ಕಾಲ ಗುರುತಿಸುವುದು ಹೇಗೆ? ಹಳೆಯ ನೋಟುಗಳ ಮೇಲೆ ನಿಜಾಮನ ಸಂಸ್ಥಾನದ ಫಸಲಿ ಇಸವಿ ಉರ್ದು ಅಂಕಿಯಲ್ಲಿರುತ್ತದೆ. ಅದಕ್ಕೆ 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ನನ್ನ ಹತ್ತರ ನೋಟಿನದು 1331, ಅಂದರೆ 1921ರ ಸುಮಾರಿನದು. ಕಡೆಗಾಲದ ಒಂದು ರೂಪಾಯಿ ನೋಟುಗಳಲ್ಲಿ ಇಸವಿಯಿಲ್ಲ, ಹಣಕಾಸು ಸಚಿವರ ರುಜುವೇ ಗತಿ. ಒಂದರಲ್ಲಿ ಗುಲಾಮ್ ಮೊಹಮ್ಮದ್ ರುಜು. ಈತ 1951ರಲ್ಲಿ ಪಾಕಿಸ್ತಾನದ ಗವರ್ನರ್ ಜನರಲ್ ಆದ. ಭಾರತದ ಸೇನೆ ಸಂಸ್ಥಾನವನ್ನು ವಶಪಡಿಸಿಕೊಂಡ ಪೊಲೀಸ್ ಕಾರ್ಯಾಚರಣೆಯ ನಂತರದ ಇನ್ನೊಂದರಲ್ಲಿ ಕಾಂಗ್ರೆಸ್ಸಿನ ಡಾ. ಜಿ. ಎಸ್. ಮೇಲ್ಕೋಟೆ ಅವರದು. ನಡುವೆ ಒಂದು ರಾಜ್ಯವೇ ಮುಳುಗಿದೆ, ನೋಟಿಗೆ ಮಾತ್ರ ಖಬರಿಲ್ಲ. ನನ್ನದು ಮೇಲ್ಕೋಟೆಯವರ ನೋಟು.

ಬೆಲೆಯ ಮಾತಿಗೆ ಬಂದರೆ ನಾನೇ ಮಾಡಿಕೊಂಡ ಎಡವಟ್ಟು ಹೇಳಬೇಕು. ಹತ್ತರ ನೋಟು ನಾಲ್ಕು ಮಡಿಕೆಯಾಗಿತ್ತು. ಚೆಂದ ಕಾಣಲೆಂದು ಅರಿವೆಯ ಕೆಳಗಿಟ್ಟು ಇಸ್ತ್ರಿ ಮಾಡಿದೆ. ನಾಣ್ಯ ಪ್ರದರ್ಶನಕ್ಕೆ ಒಯ್ದರೆ ವ್ಯಾಪಾರಿ ಅದನ್ನು ಬೆಳಕಿಗೆ ಹಿಡಿದ, ಬೆರಳು ಆಡಿಸಿದ. "ಇಸ್ತ್ರಿ ಹೊಡದೀರೇನ್ರಿ?" ಅಂದ. ಮಡಿಕೆಯ ಗೆರೆ ಬೆಳಕಿಗೆ ಹಾಗೇ ಕಾಣುತ್ತಿತ್ತು. ಹೋದದ್ದು ಕಾಗದದ ಗರಿ. ಮಡಿಚಿದ್ದಕ್ಕೆ ಒಂದಿಷ್ಟು ಕಡಿಮೆಯಾಗುತ್ತಿತ್ತು, ಇಸ್ತ್ರಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ನೋಟಿನ ಕಟ್ಟು ಕಟ್ಟುವಾಗ ಚುಚ್ಚಿದ ಪಿನ್ನಿನ ತೂತನ್ನು ಈ ಮಂದಿ ಕ್ಷಮಿಸುತ್ತಾರೆ, ಸೆಲ್ಲೋಟೇಪನ್ನು ಕ್ಷಮಿಸುವುದಿಲ್ಲ. ಹಳೆಯದೆಂಬ ಒಂದೇ ಕಾರಣಕ್ಕೆ ಯಾರೂ ಕಾಸು ಬಿಚ್ಚುವುದೂ ಇಲ್ಲ. ಹಾಲಿಯ ಒಂದು ರೂಪಾಯಿ ನೋಟು ಇನ್ನೂ ಸಾಕಷ್ಟು ಸಿಗುತ್ತದೆ. ಸಾವಿರದ್ದು ಕಂಡರೆ ವ್ಯಾಪಾರಿಯೇ ಎದ್ದು ನಿಲ್ಲುತ್ತಾನೆ.

ಐವತ್ತರ ದಶಕದಲ್ಲಿ ಹಾಲಿ ಚಲಾವಣೆ ನಿಂತಿತು. ಕಲಬುರಗಿ, ಬೀದರ, ರಾಯಚೂರು ಕಡೆಯ ಹಳೆಯ ಅಂಗಡಿಮನೆಗಳಲ್ಲಿ ಇಂಥ ಕಿರ್ದಿ ಪುಸ್ತಕಗಳು ಇನ್ನೂ ಇವೆ. ರದ್ದಿಗೆ ಹಾಕುವ ಮುನ್ನ ಒಮ್ಮೆ ಹಾಳೆ ತಿರುವಿ ನೋಡಿ. ನೋಟು ಸಿಕ್ಕರೆ ಸಿಕ್ಕ ಹಾಗೇ ಇಡಿ, ಇಸ್ತ್ರಿಪೆಟ್ಟಿಗೆ ಮುಟ್ಟಬೇಡಿ.