ಒತ್ತಡದ ನೀರೋ, ಉರಿಯೂತದ ನೀರೋ

'ಎದೆಯಲ್ಲಿ ನೀರು ತುಂಬಿದೆ' ಎಂದು ವೈದ್ಯರು ಎಕ್ಸ್‌ರೇ ತೋರಿಸಿದಾಗ ಮನೆಯವರು ಕೇಳುವ ಮೊದಲ ಮಾತು, 'ಯಾಕೆ?' ಹೃದಯ ಸೋತಿರಬಹುದು, ಕ್ಷಯ ಇರಬಹುದು, ನ್ಯುಮೋನಿಯಾ ಇರಬಹುದು, ಕ್ಯಾನ್ಸರೂ ಇರಬಹುದು. ರೋಗಿಯನ್ನು ಮೇಜಿನ ಮೇಲೆ ಮುಂದಕ್ಕೆ ಒರಗಿಸಿ ಕೂರಿಸಿ, ಬೆನ್ನ ಕಡೆಯಿಂದ ಪಕ್ಕೆಲುಬಿನ ಮೇಲಂಚಿಗೆ ಸವರಿದಂತೆ ಸೂಜಿ ಇಳಿಸುತ್ತಾರೆ. ರಕ್ತನಾಳ ಕೆಳಗಂಚಿನಲ್ಲಿ ಅಡಗಿರುತ್ತದೆ. ಸಿರಿಂಜಿಗೆ ಬರುವುದು ಸಾಮಾನ್ಯವಾಗಿ ಒಣಹುಲ್ಲಿನ ಬಣ್ಣದ ನೀರು. ನೋಡಿದರೆ ಯಾವ ಕಾಯಿಲೆಯದೆಂದು ಗೊತ್ತಾಗದು.

ಹಿಂದೆಲ್ಲ ಈ ನೀರಿನ ಸಾಪೇಕ್ಷ ಸಾಂದ್ರತೆ ಅಳೆಯುತ್ತಿದ್ದರು. ಆಮೇಲೆ ಪ್ರೋಟೀನ್ ಬಂತು: 100 ಮಿ.ಲೀ.ಗೆ 3 ಗ್ರಾಂ ದಾಟಿದರೆ ಉರಿಯೂತದ ನೀರು (ಎಕ್ಸುಡೇಟ್), ಇಲ್ಲವಾದರೆ ಒತ್ತಡಕ್ಕೆ ಒಸರಿದ ನೀರು (ಟ್ರಾನ್ಸುಡೇಟ್). ಲೆಕ್ಕ ಆಗಾಗ ತಪ್ಪುತ್ತಿತ್ತು. 1972ರಲ್ಲಿ ರಿಚರ್ಡ್ ಲೈಟ್ ಮತ್ತು ಸಂಗಡಿಗರು 150 ಮಾದರಿಗಳನ್ನು ಪರೀಕ್ಷಿಸಿ, ನೀರನ್ನು ಅದೇ ರೋಗಿಯ ರಕ್ತದ ಪಕ್ಕದಲ್ಲಿಟ್ಟು ನೋಡಿದರು. ಪ್ರೋಟೀನ್ ರಕ್ತದಲ್ಲಿರುವುದರ ಅರ್ಧಕ್ಕಿಂತ ಹೆಚ್ಚು, ಎಲ್‌ಡಿಎಚ್ ಕಿಣ್ವ 0.6 ಪಟ್ಟಿಗಿಂತ ಹೆಚ್ಚು, ಅಥವಾ ಎಲ್‌ಡಿಎಚ್ ರಕ್ತದ ಸಹಜ ಮಿತಿಯ ಮೂರರಲ್ಲೆರಡು ಪಾಲು ಮೀರಿದ್ದರೆ, ಈ ಮೂರರಲ್ಲಿ ಒಂದಿದ್ದರೂ ಎಕ್ಸುಡೇಟ್. ಅರ್ಧ ಶತಮಾನ ಕಳೆದರೂ ವಾರ್ಡುಗಳಲ್ಲಿ ನಡೆಯುವುದು ಇದೇ.

ದೋಷವಿಲ್ಲವೆಂದಲ್ಲ. ಹೃದಯದ ರೋಗಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟರೆ ನೀರು ಇಳಿದು ಪ್ರೋಟೀನ್ ದಟ್ಟವಾಗುತ್ತದೆ; ಸಾರು ಬತ್ತಿದ ಹಾಗೆ. ಆಗ ಟ್ರಾನ್ಸುಡೇಟೂ ಎಕ್ಸುಡೇಟಿನ ವೇಷ ಹಾಕುತ್ತದೆ. ರಕ್ತದ ಆಲ್ಬುಮಿನ್ ನೀರಿನದಕ್ಕಿಂತ 100 ಮಿ.ಲೀ.ಗೆ 1.2 ಗ್ರಾಂಗೂ ಹೆಚ್ಚಿದ್ದರೆ ಹೃದಯವನ್ನೇ ಶಂಕಿಸಬೇಕು ಎಂಬ ತಿದ್ದುಪಡಿ ಹುಟ್ಟಿದ್ದು ಹೀಗೆ.

ನ್ಯುಮೋನಿಯಾದ ನೀರಿಗೆ ಪಿಎಚ್ ಬೇಕು. ಅದು 7.2ಕ್ಕಿಂತ ಇಳಿದರೆ ಸಾಮಾನ್ಯವಾಗಿ ಕೊಳವೆ ಹಾಕಿ ಬಸಿಯಬೇಕು. ಈ ಪರೀಕ್ಷೆ ಮಹಾ ಸೂಕ್ಷ್ಮ: ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿದರೆ ಅಂಕಿ ಏರುತ್ತದೆ, ಮರಗಟ್ಟಿಸಲು ಚುಚ್ಚಿದ ಲಿಗ್ನೊಕೇನ್ ಬೆರೆತರೆ ಇಳಿಯುತ್ತದೆ. ಇನ್ನು ಕ್ಯಾನ್ಸರಿಗೆ ರಾಸಾಯನಿಕ ಗುರುತುಗಳು ಅಷ್ಟಾಗಿ ಕೈಹಿಡಿದಿಲ್ಲ. ಶ್ವಾಸಕೋಶದ ಹೊದಿಕೆ ಪದರದ ಕ್ಯಾನ್ಸರಾದ ಮೀಸೊಥೀಲಿಯೋಮಕ್ಕೆ ಮೀಸೊಥೆಲಿನ್ ಎಂಬ ಪ್ರೋಟೀನ್ ತಕ್ಕಮಟ್ಟಿಗೆ ನೆರವಾದೀತು, ಅಷ್ಟೆ. ನೀರಿನಲ್ಲಿ ಕ್ಯಾನ್ಸರ್ ಕೋಶವನ್ನೇ ಹುಡುಕಬೇಕು, ಅದೂ ಹಲವು ಸಲ ಸಿಗದು.

ನಮ್ಮ ದೇಶಕ್ಕೆ ಹೆಚ್ಚು ಹತ್ತಿರದ್ದು ಕ್ಷಯಕ್ಕೆ ಮಾಡುವ ಎಡಿಎ ಪರೀಕ್ಷೆ. ಕ್ಷಯದ ನೀರಿನಲ್ಲಿ ಬ್ಯಾಕ್ಟೀರಿಯಾ ವಿರಳ. ಸೂಕ್ಷ್ಮದರ್ಶಕಕ್ಕೆ ಸಿಗುವುದು ಅಪರೂಪ, ಕಲ್ಚರಿಗೆ ವಾರಗಟ್ಟಲೆ ಕಾಯಬೇಕು. 1978ರಲ್ಲಿ ಪಿರಾಸ್ ಮತ್ತಿತರರು ಆ ನೀರಿನಲ್ಲಿ ಅಡೆನೊಸಿನ್ ಡಿಅಮಿನೇಸ್ (ಎಡಿಎ) ಕಿಣ್ವ ಏರಿರುವುದನ್ನು ತೋರಿಸಿದರು. ಅಗ್ಗದ ಪರೀಕ್ಷೆ, ಬೇಗ ಉತ್ತರ. ರೂಢಿಯ ಗೆರೆ ಲೀಟರಿಗೆ 40 ಯೂನಿಟ್. ಆದರೆ ಕೀವಿನಲ್ಲೂ, ಲಿಂಫೋಮದಲ್ಲೂ, ಸಂಧಿವಾತದಲ್ಲೂ ಅದು ಏರುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಪಾಲು ಭಾರತದಲ್ಲೇ ಇರುವುದರಿಂದ, ಜ್ವರ ಬಂದು ತೂಕ ಇಳಿದ ಇಪ್ಪತ್ತೆರಡರ ಹುಡುಗನ ನೀರಿನಲ್ಲಿ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳ ಜೊತೆ ಎಡಿಎ 70 ಬಂದರೆ ಇಲ್ಲಿನ ವೈದ್ಯರು ಬಯಾಪ್ಸಿಗೆ ಕಾಯದೆ ಟಿ.ಬಿ. ಮಾತ್ರೆ ಶುರುಮಾಡುವುದುಂಟು. ಅದೇ 70 ಕ್ಷಯ ಅಪರೂಪವಾದ ದೇಶದ ಮುದುಕರೊಬ್ಬರಲ್ಲಿ ಬಂದರೆ, ಅಲ್ಲಿನವರು ಮೊದಲು ಶ್ವಾಸಕೋಶದ ಹೊದಿಕೆ ಪದರದ ತುಣುಕು ತೆಗೆದು ನೋಡುತ್ತಾರೆ.