ಬಾಯ್ಲರಿನ ಮೈ ತಟ್ಟುವ ಸುತ್ತಿಗೆ

ಉಡುಪಿ ಕಡೆಯ ಕುಚ್ಚಲಕ್ಕಿ ಮಿಲ್ಲೊಂದರಲ್ಲಿ ನಾನು ಬಾಯ್ಲರಿಗೆ ಉಮಿ ಹಾಕುತ್ತಿದ್ದ ಕಾಲ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬರುತ್ತಿದ್ದರು. ಅಷ್ಟರೊಳಗೆ ಬೆಂಕಿ ಆರಿಸಿ, ನೀರು ಬಸಿದು, ಮಸಿ ಕೆರೆದು ಇಡಬೇಕು. ಅವರು ಟಾರ್ಚ್ ಹಿಡಿದು ಒಳಗೆ ತೆವಳಿ, ಸಣ್ಣ ಸುತ್ತಿಗೆಯಿಂದ ತಗಡನ್ನು ತಟ್ಟುತ್ತಾ ಹೋಗುವರು. ಗಟ್ಟಿ ತಗಡು ಗಂಟೆಯಂತೆ ಖಣ್ ಎನ್ನುತ್ತದೆ. ತುಕ್ಕು ತಿಂದದ್ದರ ಸದ್ದು ಸತ್ತಿರುತ್ತದೆ. ಆ ಸದ್ದಿಗೆ ನಾವೆಲ್ಲ ಉಸಿರು ಬಿಗಿಹಿಡಿದು ಕಿವಿಗೊಡುತ್ತಿದ್ದೆವು.

ಈ ತಪಾಸಣೆಯ ಹಿಂದೆ ಸಾವುಗಳಿವೆ. 1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತರು. ಮರುವರ್ಷ ಬಂಗಾಳದಲ್ಲಿ ಕಾಯ್ದೆ ಬಂತು, ಅದೂ ಆ ನಗರಕ್ಕೆ, ಅದರ ಆಸುಪಾಸಿಗೆ ಮಾತ್ರ. ದೇಶಕ್ಕೆ ಒಂದೇ ಕಾನೂನು ಬೇಕೆಂಬ ಯೋಚನೆ 1923ರ ಭಾರತೀಯ ಬಾಯ್ಲರ್ ಕಾಯ್ದೆಯಾಯಿತು. ಅದರ ಪ್ರಕಾರ ನೋಂದಣಿ, ಚಾಲ್ತಿಯಲ್ಲಿರುವ ಪ್ರಮಾಣಪತ್ರ ಇಲ್ಲದೆ ಮಾಲೀಕ ಬಾಯ್ಲರ್ ನಡೆಸುವಂತಿರಲಿಲ್ಲ. ಪತ್ರದಲ್ಲಿ ಬರೆದ ಒತ್ತಡ ಮೀರುವಂತಿರಲಿಲ್ಲ. ಅಪಘಾತವಾದರೆ 24 ಗಂಟೆಯೊಳಗೆ ವರದಿ ಕೊಡಬೇಕಿತ್ತು. ತಪಾಸಣೆಗೆ ಬಾಯ್ಲರನ್ನು ಅಣಿಮಾಡಿ ಕೊಡುವುದೂ ಅವನದೇ ಹೊಣೆಯಾಗಿತ್ತು. ಬೆಂಕಿಯೆದುರು ನಿಲ್ಲುವವನ ಜೀವಕ್ಕೆ ಕೊನೆಗೂ ಒಬ್ಬ ಜವಾಬ್ದಾರ ಸಿಕ್ಕಿದ್ದ.

ಒಂದು ವರ್ಷ, ಒತ್ತಡ ಮೀರಿದರೆ ಉಗಿ ಹೊರಬಿಡುವ ನಮ್ಮ ಸೇಫ್ಟಿ ವಾಲ್ವ್ ಸದಾ ಸೋರುತ್ತಿತ್ತು. "ಉಗಿಯೆಲ್ಲ ದಂಡ ಮಾರಾಯ, ಅದಕ್ಕೊಂದು ತೂಕ ಕಟ್ಟು" ಎಂದರು ಧಣಿ. ಹಿರಿಯ ಅಟೆಂಡೆಂಟ್ ಮರುಮಾತಾಡದೆ ಬೆಂಕಿಯನ್ನೇ ಹೊರಗೆಳೆದರು. "ಕಟ್ಟುವುದಾದರೆ ನೀವೇ ಕಟ್ಟಿ ಧಣಿ, ನಾವು ಗೇಟಿನ ಹೊರಗೆ ನಿಲ್ತೇವೆ."

ಮಿಲ್ಲು ಆ ದಿನ ನಿಂತಿತು. ವಾಲ್ವ್ ಬಿಚ್ಚಿದಾಗ ಸೀಟಿನ ಮೇಲೆ ಉಗುರಿನಷ್ಟು ಸುಣ್ಣದ ಹಕ್ಕಳೆ ಕೂತಿತ್ತು.