ಜಪಾನಿನ ಜನನಪ್ರಮಾಣದ ಇಳಿಮುಖ: ಒಂದು ಐತಿಹಾಸಿಕ ಅವಲೋಕನ

ರಾಜ್ಯಶಕ್ತಿಯು ಪ್ರಜೆಗಳ ಗೃಹಜೀವನವನ್ನು ತನ್ನ ಇಚ್ಛೆಯಂತೆ ರೂಪಿಸಬಲ್ಲುದೇ ಎಂಬ ಪ್ರಶ್ನೆಯನ್ನು ಪರಿಶೀಲಿಸಲು ಜಪಾನಿನ ಇತಿಹಾಸವು ಉತ್ತಮ ನಿದರ್ಶನವಾಗಿದೆ. ಯುದ್ಧನಿರತವಾಗಿದ್ದ ಆ ದೇಶದ ಸರಕಾರವು 1941ರಲ್ಲಿ, ಪ್ರತಿಯೊಂದು ದಂಪತಿಗೂ ಸರಾಸರಿ ಐವರು ಮಕ್ಕಳಿರಬೇಕೆಂಬ ಗುರಿಯನ್ನು ಸಾರಿತು. ಸೋಲಿನ ತರುವಾಯ ಪರಿಸ್ಥಿತಿ ತಲೆಕೆಳಗಾಯಿತು. ಅನ್ನಾಭಾವದ ನಡುವೆಯೂ 1947ರಿಂದ 1949ರವರೆಗೆ ಜನನಗಳು ಉಕ್ಕಿದುವು. 1948ರ ಶಾಸನವು ಗರ್ಭಪಾತಕ್ಕೆ ಅನುಮತಿಯಿತ್ತಿತು. ಮರುವರ್ಷದ ತಿದ್ದುಪಡಿಯು ಆರ್ಥಿಕ ಕಾರಣವನ್ನೂ ಮಾನ್ಯ ಮಾಡಿತು. ಒಬ್ಬ ಸ್ತ್ರೀಗೆ ಸರಾಸರಿ 4.5ರಷ್ಟಿದ್ದ ಮಕ್ಕಳ ಸಂಖ್ಯೆ ಹತ್ತೇ ವರ್ಷಗಳಲ್ಲಿ 2ರ ಸಮೀಪಕ್ಕೆ ಇಳಿಯಿತು.

ಜನರ ನಂಬುಗೆಯ ಪ್ರಭಾವವೂ ಕಡಮೆಯದಲ್ಲ. ನಮ್ಮ ಸಂವತ್ಸರಚಕ್ರದಂತೆ ಜಪಾನಿನಲ್ಲಿಯೂ ಅರವತ್ತು ವರ್ಷಗಳ ಚಕ್ರವುಂಟು. ಅದರಲ್ಲಿ 'ಹಿನೋಎ-ಉಮಾ' ಎಂಬ ವರ್ಷದಲ್ಲಿ ಹುಟ್ಟಿದ ಹೆಣ್ಣು ಪತಿಗೆ ಕಂಟಕಳೆಂಬ ಮೂಢನಂಬಿಕೆಯಿತ್ತು. 1965ರಲ್ಲಿ 18.2 ಲಕ್ಷವಿದ್ದ ಜನನಗಳು ಆ ವರ್ಷವಾದ 1966ರಲ್ಲಿ 13.6 ಲಕ್ಷಕ್ಕೆ ಕುಸಿದು, 1967ರಲ್ಲಿ 19.4 ಲಕ್ಷಕ್ಕೆ ಏರಿದುವು. 1966ರ ಸರಾಸರಿ 1.58. 1989ರಲ್ಲಿ ಯಾವ ಅಪಶಕುನವೂ ಇಲ್ಲದೆಯೇ ಅದು 1.57ಕ್ಕೆ ಇಳಿದಾಗ ದೇಶವೇ ಬೆಚ್ಚಿತು.

ಈ ಎರಡನೆಯ ಇಳಿಮುಖದ ಸ್ವರೂಪವೇ ಬೇರೆ. ಮೊದಲನೆಯದರಲ್ಲಿ ದಂಪತಿಗಳು ಮಕ್ಕಳ ಸಂಖ್ಯೆಯನ್ನು ಮಿತಗೊಳಿಸಿದರು. ಎರಡನೆಯದರಲ್ಲಿ ದಾಂಪತ್ಯವೇ ವಿರಳವಾಯಿತು. ಐವತ್ತು ವಯಸ್ಸಿನವರೆಗೂ ವಿವಾಹವಾಗದ ಪುರುಷರು 1970ರಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. 2020ರ ವೇಳೆಗೆ ಕಾಲುಭಾಗಕ್ಕೂ ಮಿಕ್ಕಿದ್ದರು. ವಿವಾಹದ ಹೊರಗೆ ಶಿಶುಜನನ ಅಲ್ಲಿ ಅತ್ಯಲ್ಪ. ದೀರ್ಘಕಾಲ ಬಾಳಿದ ದಂಪತಿಗಳಿಗಾದರೋ ಈಗಲೂ ಸರಾಸರಿ ಇಬ್ಬರ ಸಮೀಪದಷ್ಟು ಮಕ್ಕಳಿದ್ದಾರೆ. 1990ರ ದಶಕದ ಆರ್ಥಿಕ ಕುಸಿತದ ತರುವಾಯ ಹೆಚ್ಚಿದ ಅಸ್ಥಿರ ಉದ್ಯೋಗ, ದೀರ್ಘ ದುಡಿಮೆ, ಮನೆವಾರ್ತೆಯ ಭಾರವೆಲ್ಲ ಹೆಣ್ಣಿನ ಮೇಲೆಯೇ ಬೀಳುವ ರೂಢಿ, ಇವೆಲ್ಲ ತರುಣತರುಣಿಯರನ್ನು ವಿವಾಹದಿಂದ ಹಿಂದೆಗೆಯುವಂತೆ ಮಾಡಿದುವು.

1994ರಿಂದ ಸರಕಾರವು ಯೋಜನೆಗಳ ಮೇಲೆ ಯೋಜನೆಗಳನ್ನು ಹೂಡಿತು. ಶಿಶುಪಾಲನಾ ಕೇಂದ್ರಗಳನ್ನು ಹೆಚ್ಚಿಸಿತು. 2005ರಲ್ಲಿ 1.26ಕ್ಕಿಳಿದ ಸರಾಸರಿ 2015ರಲ್ಲಿ 1.45ಕ್ಕೆ ಚೇತರಿಸಿಕೊಂಡರೂ 2024ರಲ್ಲಿ 1.15ಕ್ಕೆ ಕುಸಿಯಿತು; ಆ ವರ್ಷದ ಜನನಗಳು 6.86 ಲಕ್ಷ ಮಾತ್ರ. ಈ ಸೌಲಭ್ಯಗಳಲ್ಲಿ ಬಹುಪಾಲು ಆಗಲೇ ತಾಯಿತಂದೆಯರಾದವರಿಗೆ ಒದಗಿದುವೇ ಹೊರತು, ಸಂಸಾರವನ್ನೇ ಹೂಡಲಾರದವರನ್ನು ಅಷ್ಟಾಗಿ ಮುಟ್ಟಲಿಲ್ಲ. ಐವರು ಮಕ್ಕಳನ್ನು ಬಯಸಿದ ಆಜ್ಞೆಯೂ ಫಲಿಸಲಿಲ್ಲ, ಅನಂತರದ ಧನಸಹಾಯವೂ ಸಾಲದಾಯಿತು. ತೊಟ್ಟಿಲಿನ ಚಿಂತೆಗೆ ಮೊದಲು ಮನೆ ಕಟ್ಟುವವರ ಬಾಳಿಗೆ ಭದ್ರತೆ ಬೇಕೆಂಬುದೇ ಈ ಎಂಟು ದಶಕಗಳ ಇತಿಹಾಸದ ಸಾರ.